ಏಪ್ರಿಲ್ ತಿಂಗಳ ನೀರಿನಿಂದ ಲೆಕ್ಕ ಆರಂಭಿಸಿ: ಡೇಟಾ ಸೆಂಟರ್‌ಗಾಗಿ ಕಿರು ಜಲವಿದ್ಯುತ್ ಘಟಕವನ್ನು ಪರಿಶೀಲಿಸುವ ವಿಧಾನ

1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದಾಗ ಅದು ಮೊದಲು ಹೋದದ್ದು ಯಾವ ಊರಿನ ದೀಪಕ್ಕೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ. ಗಣಿಯ ಕೆಲಸ ಹಗಲಿರುಳು ನಡೆಯುವಂಥದ್ದು; ನೆಲದಾಳದ ನೀರನ್ನು ಎತ್ತುವ ಪಂಪುಗಳನ್ನು ನದಿ ಸೊರಗಿತೆಂದು ನಿಲ್ಲಿಸಲಾಗದು. ಕಾವೇರಿಯಾದರೋ ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಇಳಿಯುವ ನದಿ. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ಆರಂಭಿಸಲು ಇದ್ದ ಮುಖ್ಯ ಕಾರಣಗಳಲ್ಲಿ ನೀರಾವರಿಯ ಜೊತೆಗೆ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ಸಮನಾದ ನೀರನ್ನು ಒದಗಿಸುವುದೂ ಒಂದಾಗಿತ್ತು. ಎಂದೂ ನಿಲ್ಲದ ಗ್ರಾಹಕನನ್ನು ಋತುಮಾನದ ನದಿಗೆ ಕಟ್ಟಿದಾಗ ಏನಾಗುತ್ತದೆ ಎಂಬುದನ್ನು ಹಳೆಯ ಮೈಸೂರು ಸಂಸ್ಥಾನ ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿತ್ತು.

ಇಂದು ಅಂಥ ಗ್ರಾಹಕನ ಸ್ಥಾನದಲ್ಲಿ ಡೇಟಾ ಸೆಂಟರ್ ಇದೆ. ಭಾರತದಲ್ಲಿ 25 ಮೆಗಾವ್ಯಾಟ್‌ವರೆಗಿನ ಜಲವಿದ್ಯುತ್ ಘಟಕವನ್ನು ಕಿರು ಘಟಕವೆಂದು ಪರಿಗಣಿಸಲಾಗುತ್ತದೆ. ನಮ್ಮ ಮಲೆನಾಡಿನ ಹೊಳೆಗಳ ಮೇಲೆ, ನೀರಾವರಿ ನಾಲೆಗಳ ಮೇಲೆ, ಜಲಾಶಯಗಳ ಬುಡದಲ್ಲಿ ಇಂಥವು ಹಲವಿವೆ. ಇವುಗಳಲ್ಲೊಂದನ್ನು ಕೊಳ್ಳಲು, ಅದರಲ್ಲಿ ಪಾಲು ಪಡೆಯಲು ಅಥವಾ ಅದರಿಂದ ವಿದ್ಯುತ್ ಖರೀದಿಸಲು ಯೋಚಿಸುತ್ತಿರುವ ಡೇಟಾ ಸೆಂಟರ್‌ನ ಎಂಜಿನಿಯರ್, ಹಣಕಾಸು ಅಧಿಕಾರಿ ಅಥವಾ ಸಲಹೆಗಾರರು ಯಾವ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕ್ರಮಕ್ಕೆ ಮಹತ್ವವಿದೆ. ಮಾರಾಟಗಾರರು ಸಾಮಾನ್ಯವಾಗಿ ಮೆಗಾವ್ಯಾಟ್‌ನಿಂದ ಮಾತು ಆರಂಭಿಸುತ್ತಾರೆ. ನಾವು ಏಪ್ರಿಲ್ ತಿಂಗಳ ನೀರಿನಿಂದ ಆರಂಭಿಸಬೇಕು.

ಮೊದಲು ನಿಮ್ಮ ಬೇಡಿಕೆ

ಘಟಕವನ್ನು ನೋಡಲು ಹೊರಡುವ ಮೊದಲು ನಿಮ್ಮ ಡೇಟಾ ಸೆಂಟರ್‌ನ ಬೇಡಿಕೆಯನ್ನು ಗಂಟೆಗಳ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಸರ್ವರ್‌ಗಳು ಬಳಸುವ ವಿದ್ಯುತ್ತನ್ನು ಪಿಯುಇ ಎಂಬ, ಒಟ್ಟು ವಿದ್ಯುತ್ ಬಳಕೆಗೂ ಸರ್ವರ್‌ಗಳ ಬಳಕೆಗೂ ಇರುವ ಅನುಪಾತದಿಂದ ಗುಣಿಸಿದರೆ ತಂಪುಗೊಳಿಸುವ ಯಂತ್ರಗಳು, ಯುಪಿಎಸ್ ನಷ್ಟ, ದೀಪ ಇತ್ಯಾದಿಗಳೆಲ್ಲ ಸೇರಿದ ಒಟ್ಟು ಬೇಡಿಕೆ ಸಿಗುತ್ತದೆ. ಸರ್ವರ್‌ಗಳಿಗೆ 2 ಮೆಗಾವ್ಯಾಟ್ ಬೇಕಿದ್ದು ಪಿಯುಇ 1.5 ಆಗಿದ್ದರೆ ಒಟ್ಟು ಬೇಡಿಕೆ 3 ಮೆಗಾವ್ಯಾಟ್. ಇದು ಹಗಲು ರಾತ್ರಿ, ಹಬ್ಬ ರಜೆ ಎನ್ನದೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಬೇಸಿಗೆಯಲ್ಲಿ ತಂಪುಗೊಳಿಸುವ ಹೊರೆ ಏರುವುದರಿಂದ ತುಸು ಹೆಚ್ಚುತ್ತದೆ. ಅಂದರೆ ಹೊಳೆ ಅತಿ ಸಣ್ಣದಾಗಿರುವ ತಿಂಗಳುಗಳಲ್ಲೇ ನಿಮ್ಮ ಬೇಡಿಕೆ ಅತಿ ಹೆಚ್ಚಿರುತ್ತದೆ. ಈ ಒಂದು ವಾಕ್ಯವನ್ನು ವರದಿಯ ಮೊದಲ ಪುಟದಲ್ಲೇ ಬರೆಯುವುದು ಒಳ್ಳೆಯದು.

ಮುಂದಿನ ಮೂರು ವರ್ಷಗಳಲ್ಲಿ ಸರ್ವರ್‌ಗಳನ್ನು ಇಡುವ ರ‍್ಯಾಕ್‌ಗಳು ಎಷ್ಟು ಹೆಚ್ಚಲಿವೆ ಎಂಬುದನ್ನೂ ಇದರ ಜೊತೆಗೆ ಅಂದಾಜಿಸಿ. ಡೇಟಾ ಸೆಂಟರ್ ಬೆಳೆಯುತ್ತದೆ, ಹೊಳೆ ಬೆಳೆಯುವುದಿಲ್ಲ.

ನೀರಿನ ಲೆಕ್ಕ

ಜಲವಿದ್ಯುತ್ತಿನ ಮೂಲ ಸೂತ್ರ ಸರಳವಾಗಿದೆ. ಸೆಕೆಂಡಿಗೆ ಹರಿಯುವ ನೀರನ್ನು ಘನಮೀಟರ್‌ನಲ್ಲಿಯೂ, ನೀರು ಬೀಳುವ ಎತ್ತರವನ್ನು, ಅಂದರೆ ಹೆಡ್ಡನ್ನು, ಮೀಟರ್‌ನಲ್ಲಿಯೂ ತೆಗೆದುಕೊಂಡು ಎರಡನ್ನೂ ಗುಣಿಸಿ, ಬಂದದ್ದನ್ನು 9.81ರಿಂದಲೂ ಯಂತ್ರಗಳ ಒಟ್ಟು ದಕ್ಷತೆಯಿಂದಲೂ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಉದಾಹರಣೆಗೆ ಒಂದು ಕಾಲ್ಪನಿಕ ಮಲೆನಾಡ ಘಟಕವನ್ನು ತೆಗೆದುಕೊಳ್ಳೋಣ: ಹೆಡ್ 40 ಮೀಟರ್, ವಿನ್ಯಾಸದ ಹರಿವು ಸೆಕೆಂಡಿಗೆ 30 ಘನಮೀಟರ್, ಅಂದರೆ ಸುಮಾರು 1,060 ಕ್ಯುಸೆಕ್, ಒಟ್ಟು ದಕ್ಷತೆ ಶೇ 85. ಉತ್ತರ ಸುಮಾರು 10 ಮೆಗಾವ್ಯಾಟ್. ನಾಮಫಲಕದ ಮೇಲೆ ಇರುವುದು ಇದೇ ಸಂಖ್ಯೆ. ಏಪ್ರಿಲ್‌ನಲ್ಲಿ ಅದೇ ಹೊಳೆಯಲ್ಲಿ ಅರ್ಧ ಘನಮೀಟರ್ ಮಾತ್ರ ಹರಿಯುತ್ತಿದ್ದರೆ ಅದೇ ಸೂತ್ರ ಕೊಡುವ ಉತ್ತರ 167 ಕಿಲೋವ್ಯಾಟ್. ಹೊಳೆಗೆ ಬಿಡಲೇಬೇಕಾದ ನೀರನ್ನು ಬಿಟ್ಟ ಮೇಲೆ ಅದೂ ಉಳಿಯುವುದು ಅನುಮಾನ.

ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ದರ ನಿಗದಿಗಾಗಿ ಹಿಮಾಲಯದ ಹಾಗೂ ಈಶಾನ್ಯದ ರಾಜ್ಯಗಳ ಕಿರು ಘಟಕಗಳಿಗೆ ಶೇ 45, ಉಳಿದ ರಾಜ್ಯಗಳಿಗೆ ಶೇ 30 ವಾರ್ಷಿಕ ಬಳಕೆ ಪ್ರಮಾಣವನ್ನು, ಅಂದರೆ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಬರುವ ಯೂನಿಟ್‌ಗಳಲ್ಲಿ ನಿಜವಾಗಿ ಬರುವ ಪಾಲನ್ನು, ಮಾನದಂಡವಾಗಿ ಇಟ್ಟುಕೊಂಡು ಬಂದಿದೆ. ಅಲ್ಲಿ ಹಿಮ ಕರಗಿ ನದಿಗೆ ನೀರು ಸೇರುತ್ತದೆ, ಇಲ್ಲಿ ನೈಋತ್ಯ ಮುಂಗಾರೊಂದೇ ಆಧಾರ. ವ್ಯತ್ಯಾಸ ಬಂದಿರುವುದು ಮುಖ್ಯವಾಗಿ ಇದರಿಂದ. ನಮ್ಮ ಉದಾಹರಣೆಯ 10 ಮೆಗಾವ್ಯಾಟ್ ಘಟಕ ಶೇ 30ರಂತೆ ವರ್ಷಕ್ಕೆ 2 ಕೋಟಿ 62 ಲಕ್ಷದ 80 ಸಾವಿರ ಯೂನಿಟ್ ಉತ್ಪಾದಿಸುತ್ತದೆ. 3 ಮೆಗಾವ್ಯಾಟ್ ಬೇಡಿಕೆಯ ಡೇಟಾ ಸೆಂಟರ್ ವರ್ಷಕ್ಕೆ ಬಳಸುವುದೂ ಸರಿಯಾಗಿ ಅಷ್ಟೇ ಯೂನಿಟ್. ವಾರ್ಷಿಕ ಲೆಕ್ಕದಲ್ಲಿ ಕೊಡುವುದೂ ಕೊಳ್ಳುವುದೂ ಸಮ, ನೂರಕ್ಕೆ ನೂರು ಹಸಿರು ವಿದ್ಯುತ್. ಹಲವು ಪ್ರಸ್ತಾವನೆಗಳು ಇಲ್ಲಿಗೇ ನಿಲ್ಲುತ್ತವೆ, ಮತ್ತು ತಪ್ಪು ಆರಂಭವಾಗುವುದೂ ಇಲ್ಲಿಂದಲೇ.

ಇದೇ ಘಟಕದ ವರ್ಷವನ್ನು ತಿಂಗಳುಗಳಾಗಿ ಬಿಡಿಸಿ ನೋಡಿ. ಲೆಕ್ಕಕ್ಕಾಗಿ ಜೂನ್‌ನಲ್ಲಿ ಸಾಮರ್ಥ್ಯದ ಶೇ 45, ಜುಲೈ ಮತ್ತು ಆಗಸ್ಟ್‌ನಲ್ಲಿ ಶೇ 90, ಸೆಪ್ಟೆಂಬರ್‌ನಲ್ಲಿ 60, ಅಕ್ಟೋಬರ್‌ನಲ್ಲಿ 38, ನವೆಂಬರ್‌ನಲ್ಲಿ 18, ಡಿಸೆಂಬರ್‌ನಲ್ಲಿ 8, ಜನವರಿಯಲ್ಲಿ 4, ಫೆಬ್ರುವರಿಯಲ್ಲಿ 2, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ತಲಾ 1, ಮೇ ತಿಂಗಳಲ್ಲಿ 3 ಎಂದು ಇಟ್ಟುಕೊಳ್ಳೋಣ. ಸರಾಸರಿ ಶೇ 30ಕ್ಕೇ ಬರುತ್ತದೆ. ನಿಮ್ಮ ಬೇಡಿಕೆಯೂ ಪ್ರತಿ ತಿಂಗಳು ಘಟಕದ ಸಾಮರ್ಥ್ಯದ ಶೇ 30ರಷ್ಟೇ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳು ಮಾತ್ರ ಬೇಡಿಕೆ ಪೂರ್ತಿ ತೀರುತ್ತದೆ. ಉಳಿದ ಏಳು ತಿಂಗಳು ಇದ್ದಷ್ಟನ್ನು ಕೂಡಿಸಿದರೂ ವರ್ಷದ ಬೇಡಿಕೆಯ ಸುಮಾರು ಶೇ 52ನ್ನು ಮಾತ್ರ ಈ ಘಟಕ ನಿಜವಾಗಿ ಪೂರೈಸಿದಂತಾಗುತ್ತದೆ. ಶೇ 100 ಎಂದು ಕಾಣುತ್ತಿದ್ದದ್ದು ತಿಂಗಳ ಲೆಕ್ಕಕ್ಕೆ ಇಳಿದಾಗ 52 ಆಯಿತು. ಗಂಟೆಯ ಲೆಕ್ಕಕ್ಕೆ ಇಳಿದರೆ ಇನ್ನೂ ಕಡಿಮೆಯಾಗುತ್ತದೆ, ಏಕೆಂದರೆ ಪ್ರತಿ ಟರ್ಬೈನಿಗೂ ಒಂದು ಕನಿಷ್ಠ ಹರಿವು ಬೇಕು. 5 ಮೆಗಾವ್ಯಾಟ್‌ನ ಫ್ರಾನ್ಸಿಸ್ ಎಂಬ ಬಗೆಯ ಎರಡು ಟರ್ಬೈನ್ ಯಂತ್ರಗಳಿದ್ದು, ಒಂದು ಯಂತ್ರ 2 ಮೆಗಾವ್ಯಾಟ್‌ಗಿಂತ ಕೆಳಗೆ ಸುರಕ್ಷಿತವಾಗಿ ಓಡದಿದ್ದರೆ, ಜನವರಿಯ ಸರಾಸರಿ 0.4 ಮೆಗಾವ್ಯಾಟ್ ಎಂದರೆ ಅಡ್ಡಗಟ್ಟೆಯ ಹಿಂದೆ ನೀರನ್ನು ತುಂಬಿಸಿಕೊಂಡು ದಿನಕ್ಕೆ ಐದು ಗಂಟೆ ಯಂತ್ರ ಓಡಿಸುವುದು; ಉಳಿದ ಹತ್ತೊಂಬತ್ತು ಗಂಟೆ ಶೂನ್ಯ.

ಆದ್ದರಿಂದ ಮಾರಾಟಗಾರರಿಂದ ಕೇಳಬೇಕಾದ ಮೊದಲ ದಾಖಲೆ ವಾರ್ಷಿಕ ಉತ್ಪಾದನೆಯದಲ್ಲ, ದೈನಂದಿನ ಹರಿವಿನದು. ಕನಿಷ್ಠ ಹತ್ತು ಜಲವರ್ಷಗಳ, ಅಂದರೆ ಜೂನ್ 1ರಿಂದ ಮೇ 31ರವರೆಗಿನ ವರ್ಷಗಳ, ದೈನಂದಿನ ಹರಿವನ್ನು ಪಡೆದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ವರ್ಷದ ಶೇ 95ರಷ್ಟು ದಿನಗಳಲ್ಲಿ ಇರುವ ಅಥವಾ ಅದನ್ನು ಮೀರುವ ಹರಿವು ಎಷ್ಟೆಂದು ನೋಡಿ, ಅದರಿಂದ ಬರುವ ಕಿಲೋವ್ಯಾಟ್‌ಗಳನ್ನು ಮಾತ್ರ ಖಚಿತ ವಿದ್ಯುತ್ ಎಂದು ಬರೆಯಿರಿ. ಮಲೆನಾಡಿನ ಬಹುತೇಕ ಹೊಳೆಗಳಲ್ಲಿ ಈ ಸಂಖ್ಯೆ ನಾಮಫಲಕದ ಹತ್ತಿರಕ್ಕೂ ಬರುವುದಿಲ್ಲ, ಏಕೆಂದರೆ ಇಲ್ಲಿನ ಘಟಕಗಳನ್ನು ಮಳೆಗಾಲದ ನೀರನ್ನು ಹಿಡಿಯಲೆಂದೇ ವಿನ್ಯಾಸ ಮಾಡಲಾಗಿದೆ. ಅದು ವಿನ್ಯಾಸದ ದೋಷವಲ್ಲ. ಗ್ರಿಡ್‌ಗೆ ಯೂನಿಟ್ ಮಾರುವವರಿಗೆ ಅದು ಸರಿಯಾದ ನಿರ್ಧಾರವೇ, ಆದರೆ ಅವರ ಉದ್ದೇಶವೇ ಬೇರೆ.

ಹರಿವಿನ ಮಾಪನ ಹತ್ತಿರದಲ್ಲಿ ಇಲ್ಲದಿದ್ದರೆ ಅದೇ ನದಿಯ ಇನ್ನೊಂದು ಮಾಪನ ಕೇಂದ್ರದ ಅಂಕಿಅಂಶವನ್ನು ಜಲಾನಯನ ಪ್ರದೇಶದ ವಿಸ್ತೀರ್ಣದ ಅನುಪಾತದಲ್ಲಿ ಇಳಿಸಿಕೊಳ್ಳುವುದು ರೂಢಿ. ಪಶ್ಚಿಮ ಘಟ್ಟದಲ್ಲಿ ಈ ರೂಢಿಯನ್ನು ಎಚ್ಚರದಿಂದ ಬಳಸಬೇಕು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಅಲ್ಲಿಂದ ಪೂರ್ವಕ್ಕೆ ಕೆಲವೇ ಹತ್ತಾರು ಕಿಲೋಮೀಟರ್ ಸರಿದರೆ ಅದು ಬಹಳ ಬೇಗ ಇಳಿಯುತ್ತದೆ. ವಿಸ್ತೀರ್ಣ ಸಮವಿದ್ದರೂ ನೀರು ಸಮವಿರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇರುವುದರಿಂದ ಆ ಮಾಹಿತಿಯೊಡನೆ ನಿಮ್ಮ ಅಂದಾಜನ್ನು ಹೋಲಿಸಿ ನೋಡಿ. ನೀವು ಪಡೆಯುವ ಹತ್ತು ವರ್ಷಗಳಲ್ಲಿ 2019ರ ಆಗಸ್ಟ್‌ನ ಪ್ರವಾಹವೂ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರ ವರ್ಷವೂ ಸೇರಿರಬೇಕು. ಬರದ ವರ್ಷವನ್ನು ಅಪವಾದವೆಂದು ಕೈಬಿಟ್ಟ ವರದಿಯನ್ನು ನಾನಾಗಿದ್ದರೆ ಹಿಂದಿರುಗಿಸುತ್ತೇನೆ.

ನೀರನ್ನು ಸಂಗ್ರಹಿಸಿಟ್ಟುಕೊಂಡರಾಯಿತಲ್ಲ ಎಂದು ಯಾರಾದರೂ ಹೇಳಿದರೆ ಅದರ ಲೆಕ್ಕವನ್ನೂ ಮಾಡಿ ತೋರಿಸಿ. 40 ಮೀಟರ್ ಹೆಡ್‌ನಲ್ಲಿ 3 ಮೆಗಾವ್ಯಾಟ್ ಪಡೆಯಲು ಸೆಕೆಂಡಿಗೆ ಸುಮಾರು 9 ಘನಮೀಟರ್ ನೀರು ಬೇಕು. ಒಂದು ದಿನಕ್ಕೆ ಅದು 7 ಲಕ್ಷದ 77 ಸಾವಿರ ಘನಮೀಟರ್; ಹೊಳೆಯಿಂದ ಏನೂ ಬಾರದ 120 ದಿನಗಳಿಗೆ ಸುಮಾರು 3.3 ಟಿಎಂಸಿ. ಕೃಷ್ಣರಾಜಸಾಗರದ ಒಟ್ಟು ಸಾಮರ್ಥ್ಯವೇ ಸುಮಾರು 49 ಟಿಎಂಸಿ. ಸಾಧಾರಣ ಗಾತ್ರದ ಒಂದು ಡೇಟಾ ಸೆಂಟರ್‌ಗಾಗಿ ಅದರ ಹದಿನೈದನೆಯ ಒಂದು ಭಾಗದಷ್ಟು ನೀರನ್ನು ಕೂಡಿಡುವ ಅಣೆಕಟ್ಟನ್ನು ಮಲೆನಾಡಿನ ಕಾಡಿನಲ್ಲಿ ಕಟ್ಟುವುದನ್ನು ಯಾರೂ ಬಯಸಬಾರದು.

ಯಾವ ಬಗೆಯ ಘಟಕ ಎಂಬುದು ಇಲ್ಲಿ ನಿರ್ಣಾಯಕ. ಹೊಳೆಯ ಸಹಜ ಹರಿವನ್ನು ಮಾತ್ರ ನಂಬಿದ ಘಟಕಕ್ಕೆ ಮೇಲಿನ ಲೆಕ್ಕವೆಲ್ಲ ಅನ್ವಯಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯಂಥ ನೀರಾವರಿ ನಾಲೆಗಳ ಮೇಲಿನ ಘಟಕಕ್ಕೆ ನಾಲೆಯಲ್ಲಿ ನೀರು ಬಿಟ್ಟಾಗ ಮಾತ್ರ ಕೆಲಸ. ನೀರು ಬಿಡುವ ದಿನಾಂಕವನ್ನು ನೀರಾವರಿ ಸಲಹಾ ಸಮಿತಿ ಬೆಳೆಯನ್ನು ನೋಡಿ ನಿರ್ಧರಿಸುತ್ತದೆಯೇ ಹೊರತು ನಿಮ್ಮ ಸರ್ವರ್‌ಗಳನ್ನು ನೋಡಿ ಅಲ್ಲ, ಮತ್ತು ಹಾಗೆಯೇ ಇರಬೇಕು. ಜಲಾಶಯದ ಕೆಳಗಿನ ನದಿಪಾತ್ರದಲ್ಲಿರುವ ಘಟಕಗಳ ಸ್ಥಿತಿ ತುಸು ಉತ್ತಮ, ಏಕೆಂದರೆ ಕುಡಿಯುವ ನೀರಿಗಾಗಿ ಮತ್ತು ಕೆಳಗಿನವರ ಪಾಲಿಗಾಗಿ ಮಳೆಗಾಲದ ಹೊರಗೂ ನೀರು ಬಿಡಲಾಗುತ್ತದೆ. ಕಾವೇರಿಯಲ್ಲಾದರೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಸಬೇಕು. ಆ ವೇಳಾಪಟ್ಟಿಯನ್ನು ಓದಿ, ಸಂಕಷ್ಟದ ವರ್ಷಗಳಲ್ಲಿ ನಿಜವಾಗಿ ಹರಿದದ್ದೆಷ್ಟು ಎಂಬುದನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಮೂರು ಬಗೆಗಳಲ್ಲಿ ಡೇಟಾ ಸೆಂಟರ್‌ಗೆ ಮೊದಲು ನೋಡಬೇಕಾದದ್ದು ಈ ಮೂರನೆಯದೇ ಎಂಬುದು ನನ್ನ ಅಭಿಪ್ರಾಯ.

ಓಡುತ್ತಿರುವ ಘಟಕದ ದಾಖಲೆಗಳು

ಘಟಕ ಈಗಾಗಲೇ ನಡೆಯುತ್ತಿದ್ದರೆ ಅಂದಾಜಿಗಿಂತ ಉತ್ತಮವಾದ ಸಾಕ್ಷ್ಯ ಅಲ್ಲಿಯೇ ಇರುತ್ತದೆ. ಎಸ್ಕಾಂ ಅಧಿಕಾರಿಗಳೂ ಘಟಕದವರೂ ಸೇರಿ ಸಹಿ ಮಾಡಿದ ತಿಂಗಳ ಜಂಟಿ ಮೀಟರ್ ರೀಡಿಂಗ್‌ಗಳನ್ನು ಹತ್ತು ವರ್ಷಗಳವರೆಗೆ ಪಡೆಯಿರಿ. ನಮ್ಮ ಗ್ರಿಡ್‌ನಲ್ಲಿ ದಿನವನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ ಲೆಕ್ಕ ಇಡಲಾಗುತ್ತದೆ. ಅಂಥ ಮೀಟರ್ ದತ್ತಾಂಶ ಕನಿಷ್ಠ ಮೂರು ವರ್ಷಗಳದ್ದಾದರೂ ದೊರೆತರೆ ನಿಮ್ಮ ಬೇಡಿಕೆಯ ಪಕ್ಕದಲ್ಲಿ ಇಟ್ಟು ಭಾಗ ಭಾಗಕ್ಕೂ ಹೋಲಿಸಬಹುದು. ಅದರ ಫಲಿತಾಂಶವೇ ನಿಮ್ಮ ವರದಿಯ ಹೃದಯ: ವರ್ಷದ 35,040 ಭಾಗಗಳಲ್ಲಿ ಎಷ್ಟರಲ್ಲಿ ಘಟಕ ನಿಮ್ಮ ಪೂರ್ಣ ಬೇಡಿಕೆಯನ್ನು ಪೂರೈಸಿತು, ಎಷ್ಟರಲ್ಲಿ ಭಾಗಶಃ, ಎಷ್ಟರಲ್ಲಿ ಏನೂ ಇಲ್ಲ.

ಇದರ ಜೊತೆಗೆ ಬ್ರೇಕರ್ ತೆರೆದುಕೊಂಡ ಪ್ರತಿಯೊಂದು ಘಟನೆಯ ಪಟ್ಟಿಯನ್ನೂ ಕೇಳಿ. ಕಂಟ್ರೋಲ್ ರೂಮಿನ ಲಾಗ್ ಪುಸ್ತಕವನ್ನು ಅಲ್ಲಿಯೇ ಕುಳಿತು ಓದುವುದು ಒಳ್ಳೆಯದು. ಆಪರೇಟರುಗಳು ಕೈಯಲ್ಲಿ ಬರೆದ ಸಾಲುಗಳಲ್ಲಿ ಇರುವ ಸತ್ಯ ಕೆಲವೊಮ್ಮೆ ಮುದ್ರಿತ ವರದಿಯಲ್ಲಿ ಇರುವುದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳ ಪುಟಗಳನ್ನು ಮೊದಲು ತೆರೆಯಿರಿ. ಘಟಕದಿಂದ ಉಪಕೇಂದ್ರಕ್ಕೆ ಹೋಗುವ 33 ಅಥವಾ 66 ಕಿಲೋವೋಲ್ಟ್ ಲೈನ್ ಅನೇಕ ಕಡೆ ಕಾಡು, ಕಾಫಿ ತೋಟಗಳ ನಡುವೆ ಹಾದುಹೋಗುತ್ತದೆ. ನೀರು ಧಾರಾಳವಾಗಿರುವ ದಿನಗಳಲ್ಲೇ ಗಾಳಿಗೆ ಮರ ಬಿದ್ದು ಲೈನ್ ಟ್ರಿಪ್ ಆಗುತ್ತದೆ, ಕಸದ ಜಾಲರಿಗೆ ಎಲೆ, ದಿಮ್ಮಿ, ಪ್ಲಾಸ್ಟಿಕ್ ಕಟ್ಟಿಕೊಂಡು ಯಂತ್ರ ನಿಲ್ಲುತ್ತದೆ, ಕಡಿಮೆ ಹೆಡ್‌ನ ಘಟಕಗಳಲ್ಲಿ ಕೆಳಹರಿವಿನ ನೀರಿನ ಮಟ್ಟ ಏರಿ ಹೆಡ್ ಕುಗ್ಗುತ್ತದೆ. ಬೇಸಿಗೆಯ ನಿಲುಗಡೆ ತಿಂಗಳುಗಟ್ಟಲೆ ಇದ್ದರೂ ಮೊದಲೇ ಗೊತ್ತಿರುತ್ತದೆ. ಮಳೆಗಾಲದ ನಿಲುಗಡೆ ಹತ್ತು ನಿಮಿಷದ್ದಾದರೂ ಹೇಳದೆ ಬರುತ್ತದೆ, ಮತ್ತು ಸರ್ವರ್‌ಗೆ ಕಷ್ಟ ಕೊಡುವುದು ಇದೇ. ಎರಡನ್ನೂ ಕೂಡಿಸಿ ಒಂದೇ ಶೇಕಡಾವಾರಿನಲ್ಲಿ ಹೇಳುವ ಲಭ್ಯತೆಯ ಅಂಕಿಯನ್ನು ಒಪ್ಪಿಕೊಳ್ಳಬೇಡಿ.

ಡೇಟಾ ಸೆಂಟರ್‌ಗಳಿಗೆ ಶ್ರೇಣಿ ನೀಡುವ ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ ಮೂರನೆಯ ಶ್ರೇಣಿಯ ಡೇಟಾ ಸೆಂಟರ್‌ಗೆ ಸಾಮಾನ್ಯವಾಗಿ ಹೇಳಲಾಗುವ ಶೇ 99.982ರ ಲಭ್ಯತೆಯೆಂದರೆ ವರ್ಷಕ್ಕೆ ಸುಮಾರು 1.6 ಗಂಟೆಗಳ ನಿಲುಗಡೆ ಮಾತ್ರ. ಆ ಶ್ರೇಣಿ ಪದ್ಧತಿಯಲ್ಲಿ ಸ್ಥಳದಲ್ಲೇ ಇರುವ ಎಂಜಿನ್ ಜನರೇಟರ್‌ಗಳೇ ಮೂಲ ಆಧಾರ. ಹೊರಗಿನಿಂದ ಬರುವ ವಿದ್ಯುತ್ ಖರ್ಚು ಉಳಿಸುವ ಪರ್ಯಾಯ ಮಾತ್ರ. ಈ ದೃಷ್ಟಿ ನಮ್ಮ ಪರಿಶೀಲನೆಯನ್ನು ಸುಲಭಗೊಳಿಸುತ್ತದೆ. ಕಿರು ಜಲವಿದ್ಯುತ್ ಘಟಕವನ್ನು ಡೀಸೆಲ್ ಜನರೇಟರಿನ ಬದಲಿಗೆ ಎಂದೂ ಲೆಕ್ಕ ಹಾಕಬಾರದು, ಗ್ರಿಡ್‌ನಿಂದ ಕೊಳ್ಳುವ ಯೂನಿಟ್‌ಗಳ ಬದಲಿಗೆ ಮಾತ್ರ ಲೆಕ್ಕ ಹಾಕಬೇಕು. ಯುಪಿಎಸ್ ಮತ್ತು ಡಿಜಿ ಸೆಟ್‌ಗಳ ಖರ್ಚಿನಲ್ಲಿ ಒಂದು ರೂಪಾಯಿಯನ್ನೂ ಈ ಘಟಕದ ಹೆಸರಿನಲ್ಲಿ ಉಳಿಸಲು ಹೋಗಬೇಡಿ.

ಯಂತ್ರ ಮತ್ತು ಲೈನ್

ಘಟಕದ ಪಕ್ಕದಲ್ಲೇ ಡೇಟಾ ಸೆಂಟರ್ ಕಟ್ಟಿ, ಗ್ರಿಡ್ ಹೋದಾಗಲೂ ಘಟಕದಿಂದಲೇ ನಡೆಸುವ ಆಲೋಚನೆ ಇದ್ದರೆ ಮೊದಲ ಪ್ರಶ್ನೆ ಜನರೇಟರಿನ ಬಗೆ. ಇಂಡಕ್ಷನ್ ಜನರೇಟರ್ ತನ್ನ ಕಾಂತಕ್ಷೇತ್ರಕ್ಕಾಗಿ ಗ್ರಿಡ್‌ನ ಆಸರೆಯನ್ನೇ ಬೇಡುತ್ತದೆ. ಗ್ರಿಡ್ ಹೋದರೆ ಸಾಮಾನ್ಯವಾಗಿ ಅದೂ ಹೋಗುತ್ತದೆ. ತನ್ನ ಕಾಂತಕ್ಷೇತ್ರವನ್ನು ತಾನೇ ಉಂಟುಮಾಡಿಕೊಳ್ಳುವ ಸಿಂಕ್ರೊನಸ್ ಜನರೇಟರ್, ನೀರಿನ ಹರಿವನ್ನು ಹೊಂದಿಸಿ ಯಂತ್ರದ ವೇಗವನ್ನು ಕಾಯುವ ಚುರುಕಾದ ಗವರ್ನರ್, ವೋಲ್ಟೇಜ್ ನಿಯಂತ್ರಕ, ಹೊರಗಿನ ವಿದ್ಯುತ್ ಇಲ್ಲದೆ ತಾನೇ ಆರಂಭಗೊಳ್ಳುವ ವ್ಯವಸ್ಥೆ ಇವು ನಾಲ್ಕೂ ಇದ್ದರೆ ಮಾತ್ರ ಮುಂದೆ ಹೋಗಬಹುದು. ಹಾಗಿದ್ದರೂ ನೀರಿಗೆ ತೂಕವಿದೆ, ಅದು ಎಂಜಿನ್ನಿನ ಇಂಧನದಂತೆ ಕ್ಷಣದಲ್ಲಿ ಏರಿಳಿಯುವುದಿಲ್ಲ. ಯಂತ್ರಕ್ಕೆ ನೀರು ತರುವ ಉದ್ದನೆಯ ಪೆನ್‌ಸ್ಟಾಕ್ ಕೊಳವೆಯಲ್ಲಿ ಹರಿವನ್ನು ತಟ್ಟನೆ ತಡೆದರೆ ಒತ್ತಡದ ಹೊಡೆತ ಕೊಳವೆಯನ್ನೇ ಸೀಳಬಹುದು. ಆದ್ದರಿಂದ ಗವರ್ನರ್ ನಿಧಾನವಾಗಿಯೇ ಮುಚ್ಚುತ್ತದೆ, ಆ ನಿಧಾನದಲ್ಲಿ ಯಂತ್ರದ ವೇಗ ಏರಿ ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ಬಹಳ ದೂರ ಸರಿಯುತ್ತದೆ. ತಂಪುಗೊಳಿಸುವ ದೊಡ್ಡ ಚಿಲ್ಲರ್ ಯಂತ್ರ ಒಂದು ಆರಂಭವಾದಾಗ ಅಥವಾ ನಿಂತಾಗ ಹೀಗಾದರೆ ಯುಪಿಎಸ್ ಹೊರಗಿನ ವಿದ್ಯುತ್ತನ್ನು ತಿರಸ್ಕರಿಸಿ ಬ್ಯಾಟರಿಗೆ ಹೋಗುತ್ತದೆ. ಪ್ರಸ್ತಾವಿತ ಹೊರೆಯಷ್ಟನ್ನು ಒಮ್ಮೆಲೇ ಹೇರಿ, ಒಮ್ಮೆಲೇ ತೆಗೆದು, ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಎಷ್ಟು ಸೆಕೆಂಡುಗಳಲ್ಲಿ ಸ್ಥಿರವಾಗುತ್ತವೆ ಎಂಬುದನ್ನು ದಾಖಲಿಸುವ ಪರೀಕ್ಷೆಯನ್ನು ಒಪ್ಪಂದಕ್ಕೆ ಮೊದಲೇ ನಿಮ್ಮ ಎದುರಿನಲ್ಲಿ ಮಾಡಿಸಬೇಕು. ನಡುವೆ ಒಂದು ಬ್ಯಾಟರಿ ವ್ಯವಸ್ಥೆಯನ್ನು ಇಟ್ಟರೆ ಈ ಕಷ್ಟ ಬಹಳ ತಗ್ಗುತ್ತದೆ, ಆದರೆ ಅದರ ಬೆಲೆಯನ್ನು ಜಲವಿದ್ಯುತ್ತಿನ ಬೆಲೆಗೇ ಸೇರಿಸಬೇಕು.

ಘಟಕದ ಪಕ್ಕದಲ್ಲಿ ಕಟ್ಟುವುದರ ಇತರ ಷರತ್ತುಗಳೂ ಕಠಿಣ. ಆಪ್ಟಿಕಲ್ ಫೈಬರ್‌ನಲ್ಲಿ ಸಂಕೇತಕ್ಕೆ ಕಿಲೋಮೀಟರಿಗೆ ಸುಮಾರು 5 ಮೈಕ್ರೊಸೆಕೆಂಡ್ ತಗಲುವುದರಿಂದ ಬೆಂಗಳೂರಿನಿಂದ 250 ಕಿಲೋಮೀಟರ್ ದೂರವೆಂದರೆ ಒಂದು ದಿಕ್ಕಿಗೆ 1.25 ಮಿಲಿಸೆಕೆಂಡ್ ಮಾತ್ರ, ದೂರ ಸಮಸ್ಯೆಯಲ್ಲ. ಒಂದೇ ರಸ್ತೆಯ ಬದಿಯಲ್ಲಿ ಎರಡೂ ಕೇಬಲ್‌ಗಳು ಹೋಗಿರುವುದು ಸಮಸ್ಯೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವ ಮಳೆಗಾಲಗಳನ್ನು ನಾವೆಲ್ಲ ನೋಡಿದ್ದೇವೆ. ಅಂಥ ದಿನ ಕೇಬಲ್ ದುರಸ್ತಿಯವರೂ ಡೀಸೆಲ್ ಟ್ಯಾಂಕರೂ ಬರಲಾರರು. ನಗರದಲ್ಲಿ ಹನ್ನೆರಡು ಗಂಟೆಯ ಡೀಸೆಲ್ ಸಾಕೆನಿಸಿದರೆ ಘಟ್ಟದಲ್ಲಿ ಹಲವು ದಿನಗಳದ್ದನ್ನು ಕೂಡಿಡಬೇಕು. ಮಳೆಗಾಲದ ತೇವಾಂಶದಲ್ಲಿ ನೀರು ಆವಿಯಾಗಿಸಿ ತಂಪು ಮಾಡುವ ವಿಧಾನವೂ ಅಷ್ಟಾಗಿ ಫಲಿಸುವುದಿಲ್ಲ.

ಈ ಕಾರಣಗಳಿಂದ ಬಹುತೇಕರಿಗೆ ಯುಕ್ತವಾದ ದಾರಿ ಘಟಕ ಅಲ್ಲಿಯೇ ಇದ್ದು, ಡೇಟಾ ಸೆಂಟರ್ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದು, ಗ್ರಿಡ್ ಮೂಲಕ ವಿದ್ಯುತ್ ಪಡೆಯುವುದು. ಆಗ ಯಂತ್ರದ ಪ್ರಶ್ನೆಗಳು ಹಿಂದೆ ಸರಿದು ಕಾನೂನಿನ ಪ್ರಶ್ನೆಗಳು ಮುಂದೆ ಬರುತ್ತವೆ.

ಒಪ್ಪಂದ ಮತ್ತು ನಿಯಮ

2003ರ ವಿದ್ಯುತ್ ಕಾಯ್ದೆ ಮುಕ್ತ ಪ್ರವೇಶಕ್ಕೆ, ಅಂದರೆ ಎಸ್ಕಾಂ ಬದಲು ಬೇರೆ ಉತ್ಪಾದಕರಿಂದ ಗ್ರಿಡ್ ಮೂಲಕ ವಿದ್ಯುತ್ ಪಡೆಯುವುದಕ್ಕೆ, ಅವಕಾಶ ಕೊಟ್ಟಿದೆ. 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು ಅದಕ್ಕೆ ಬೇಕಾದ ಕನಿಷ್ಠ ಬೇಡಿಕೆಯ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. ಘಟಕವನ್ನು ಸ್ವಂತ ಬಳಕೆಯದೆಂದು ಪರಿಗಣಿಸಬೇಕಾದರೆ 2005ರ ನಿಯಮಗಳ ಪ್ರಕಾರ ಬಳಕೆದಾರರು ಕನಿಷ್ಠ ಶೇ 26 ಒಡೆತನ ಹೊಂದಿದ್ದು, ವರ್ಷದ ಉತ್ಪಾದನೆಯ ಕನಿಷ್ಠ ಶೇ 51ನ್ನು ಬಳಸಬೇಕು. ಹಾಗಾದರೆ, ಕಡಿಮೆ ದರದ ಗ್ರಾಹಕರ ಹೊರೆಯನ್ನು ಭರಿಸಲು ವಿಧಿಸುವ ಕ್ರಾಸ್ ಸಬ್ಸಿಡಿ ಸರ್ಚಾರ್ಜ್‌ನಿಂದ ವಿನಾಯಿತಿ ಇದೆ. ಈಗ ನಮ್ಮ ಉದಾಹರಣೆಯ ಶೇ 52ನ್ನು ನೆನಪಿಸಿಕೊಳ್ಳಿ. ತಿಂಗಳ ಲೆಕ್ಕದಲ್ಲಿ ನೀವು ನಿಜವಾಗಿ ಬಳಸಲು ಸಾಧ್ಯವಾಗುವುದು ಉತ್ಪಾದನೆಯ ಶೇ 52. ಕಾನೂನು ಕೇಳುವುದು 51. ಗಂಟೆಯ ಲೆಕ್ಕದಲ್ಲಿ ಅದು 51ರ ಕೆಳಗೆ ಜಾರಿದರೆ ಆ ವರ್ಷದ ವಿನಾಯಿತಿಯೇ ಹೋಗುತ್ತದೆ. ಎಷ್ಟು ಮೆಗಾವ್ಯಾಟ್ ಕೊಳ್ಳಬೇಕೆಂಬುದನ್ನು ವಾರ್ಷಿಕ ಸಮತೋಲನದಿಂದ ನಿರ್ಧರಿಸದೆ ಚಿಕ್ಕ ಘಟಕವನ್ನೋ ದೊಡ್ಡ ಘಟಕದಲ್ಲಿ ಚಿಕ್ಕ ಪಾಲನ್ನೋ ಆರಿಸಿಕೊಳ್ಳುವುದು ಇದರಿಂದಲೇ ಮೇಲು.

ಬ್ಯಾಂಕಿಂಗ್, ಅಂದರೆ ಹೆಚ್ಚುವರಿ ಯೂನಿಟ್‌ಗಳನ್ನು ಗ್ರಿಡ್‌ಗೆ ಕೊಟ್ಟು ಲೆಕ್ಕದಲ್ಲಿ ಇಟ್ಟು ಮುಂದೆ ಹಿಂಪಡೆಯುವ ವ್ಯವಸ್ಥೆಯ ಷರತ್ತನ್ನು ಅಕ್ಷರ ಬಿಡದೆ ಓದಿ. ಜುಲೈನಲ್ಲಿ ಉಳಿದ ಯೂನಿಟ್‌ಗಳನ್ನು ಏಪ್ರಿಲ್‌ನಲ್ಲಿ ಪಡೆಯಬಹುದೆಂಬ ನಂಬಿಕೆಯ ಮೇಲೆ ಎಷ್ಟೋ ಲೆಕ್ಕಗಳು ನಿಂತಿರುತ್ತವೆ. 2022ರ ನಿಯಮಗಳು ಬ್ಯಾಂಕಿಂಗ್‌ಗೆ ಕೊಟ್ಟಿರುವ ಕನಿಷ್ಠ ಅವಧಿ ತಿಂಗಳು. ಅದಕ್ಕಿಂತ ದೀರ್ಘ ಅವಧಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಚಾಲ್ತಿಯಲ್ಲಿರುವ ಆದೇಶದಲ್ಲೇ ನೋಡಬೇಕು, ಯಾರದೋ ಬಾಯಿಮಾತಿನಲ್ಲಿ ಅಲ್ಲ. ತಿಂಗಳ ಬ್ಯಾಂಕಿಂಗ್ ಎಂದಾದರೆ ಮುಂಗಾರಿನ ಹೆಚ್ಚುವರಿಯನ್ನು ಮಾರುವ ದಾರಿಯನ್ನು ಬೇರೆಯೇ ಹುಡುಕಬೇಕು. ಹಾಗೆಯೇ ಘಟಕಕ್ಕೆ ಎಸ್ಕಾಂ ಜೊತೆಗಿನ ಹಳೆಯ ಖರೀದಿ ಒಪ್ಪಂದ ಇನ್ನೂ ಜಾರಿಯಲ್ಲಿದೆಯೇ, ಅದು ಮುಗಿಯುವ ದಿನಾಂಕ ಯಾವುದು, ನೀರು ಬಳಕೆಯ ಅನುಮತಿ ಮತ್ತು ಅರಣ್ಯ ಭೂಮಿಯ ಗುತ್ತಿಗೆ ಹೊಸ ಮಾಲೀಕರಿಗೆ ವರ್ಗಾವಣೆಯಾಗುತ್ತವೆಯೇ ಎಂಬುದನ್ನು ಮೂಲ ಪತ್ರಗಳಲ್ಲಿ ಪರಿಶೀಲಿಸಿ.

ಬೇಸಿಗೆಯ ಕೊರತೆಯನ್ನು ತುಂಬಲು ಇನ್ನೊಂದು ಮೂಲ ಬೇಕೇ ಬೇಕು. ಇಲ್ಲಿ ಗಾಳಿ ವಿದ್ಯುತ್ ಒಳ್ಳೆಯ ಜೊತೆಗಾರನಲ್ಲ: ಕರ್ನಾಟಕದ ಗಾಳಿ ಜೋರಾಗಿರುವುದೂ ಮುಂಗಾರಿನ ತಿಂಗಳುಗಳಲ್ಲೇ, ಆದ್ದರಿಂದ ಎರಡೂ ಒಟ್ಟಿಗೆ ಹೆಚ್ಚಿ ಒಟ್ಟಿಗೆ ಇಳಿಯುತ್ತವೆ. ಫೆಬ್ರುವರಿಯಿಂದ ಮೇವರೆಗೆ ಹೊಳೆ ಬತ್ತಿದಾಗ ನೆತ್ತಿಯ ಮೇಲೆ ಸುಡುವ ಸೂರ್ಯನೇ ಸರಿಯಾದ ಜೋಡಿ. ರಾತ್ರಿಯ ಪಾಲಿಗೆ ಗ್ರಿಡ್ ಅಥವಾ ಬ್ಯಾಟರಿ. ಮಳೆಗಾಲದ ರಾತ್ರಿಗಳಲ್ಲಿ, ಅಂದರೆ ಸೌರ ವಿದ್ಯುತ್ ಇಲ್ಲದ ಹೊತ್ತಿನಲ್ಲಿ, ಯೂನಿಟ್ ಕೊಡುವುದೇ ಕಿರು ಜಲವಿದ್ಯುತ್ತಿನ ನಿಜವಾದ ಗುಣ. ಬೆಲೆ ಮಾತನಾಡುವಾಗ ಆ ಗಂಟೆಗಳಿಗೆ ಹೆಚ್ಚು ಕೊಡಲು ಹಿಂಜರಿಯಬೇಡಿ.

ಹೊಳೆಯ ಪಾಲು

25 ಮೆಗಾವ್ಯಾಟ್‌ಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿಯ ಅಗತ್ಯವಿಲ್ಲ. ಇದನ್ನು ಪರಿಸರಕ್ಕೆ ಹಾನಿ ಇಲ್ಲವೆಂಬ ಪ್ರಮಾಣಪತ್ರವೆಂದು ಓದಬಾರದು. ಅಡ್ಡಗಟ್ಟೆಯಿಂದ ಯಂತ್ರಾಗಾರದವರೆಗೆ ನೀರು ಕಾಲುವೆಯಲ್ಲೋ ಕೊಳವೆಯಲ್ಲೋ ಹೋಗುವಾಗ ಆ ನಡುವಿನ ಹೊಳೆ ಬರಿದಾಗುತ್ತದೆ, ಮತ್ತು ಒಂದೇ ಹೊಳೆಯ ಮೇಲೆ ಸಾಲಾಗಿ ಹಲವು ಘಟಕಗಳಿದ್ದರೆ ಹೊಳೆಯೇ ತುಂಡು ತುಂಡಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನದಿಗಳಲ್ಲಿ ಬತ್ತುವ ಕಾಲದ ಸರಾಸರಿ ಹರಿವಿನ ಶೇ 15ರಿಂದ 20ರಷ್ಟಾದರೂ ಉಳಿಸಬೇಕೆಂದು ಹೇಳಿತು. ಇದು ತೀರಾ ಕನಿಷ್ಠ ಮಿತಿ. ನಿಮ್ಮ ಹರಿವಿನ ಪಟ್ಟಿಯಿಂದ ಈ ನೀರನ್ನು ಮೊದಲೇ ಕಳೆದು, ಉಳಿದದ್ದರ ಮೇಲೆ ಮಾತ್ರ ಲೆಕ್ಕ ಮಾಡಿ. ಅಡ್ಡಗಟ್ಟೆಯಲ್ಲಿ ಅದನ್ನು ಬಿಡಲು ಕಿಂಡಿ ಇದೆಯೇ, ಅದನ್ನು ಅಳೆಯುವ ಮಾಪಕ ಇದೆಯೇ ನೋಡಿ. ಬರಿದಾದ ಪಾತ್ರದ ಬದಿಯ ಊರಿನವರೊಡನೆ ಅರ್ಧ ದಿನ ಕುಳಿತು ಮಾತನಾಡಿ: ತೋಟಕ್ಕೆ ನೀರೆತ್ತುವ ಪಂಪು ಯಾವ ತಿಂಗಳಲ್ಲಿ ನಿಲ್ಲುತ್ತದೆ, ದನಗಳಿಗೆ ನೀರು ಎಲ್ಲಿದೆ, ಮೀನು ಮೊದಲಿನಂತೆ ಮೇಲಕ್ಕೆ ಬರುತ್ತದೆಯೇ. ಹಠಾತ್ತನೆ ನೀರು ಬಿಡುವ ಮುನ್ನ ಸೈರನ್ ಮೊಳಗಿಸುತ್ತಾರೆಯೇ ಎಂಬುದನ್ನು ಅವರನ್ನೇ ಕೇಳಬೇಕು. ಗ್ರಾಹಕರಿಗೆ ಹಸಿರು ವಿದ್ಯುತ್ ಎಂದು ಹೇಳಿ ಮಾರುವ ಸಂಸ್ಥೆಗೆ ಈ ಪ್ರಶ್ನೆಗಳ ಉತ್ತರ ತಿಳಿದಿರಲೇಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಸ್ಥಳ ಪರಿಶೀಲನೆಗೆ ಎರಡು ಬಾರಿ ಹೋಗಿ. ಏಪ್ರಿಲ್ ಕೊನೆಯಲ್ಲಿ ಹೋದಾಗ ಅಡ್ಡಗಟ್ಟೆಯಿಂದ ಯಂತ್ರಾಗಾರದವರೆಗೆ ಹೊಳೆಯ ಪಾತ್ರದಲ್ಲಿ ನಡೆದು ನೋಡಿ. ನೀರಿಲ್ಲದ ಆ ಹೊತ್ತಿನಲ್ಲಿ ಯಂತ್ರವನ್ನು ಬಿಚ್ಚಿ ದುರಸ್ತಿ ಮಾಡುತ್ತಿರುವ ಸಾಧ್ಯತೆ ಹೆಚ್ಚು, ನೀರಿನ ಹೊಡೆತಕ್ಕೆ ತಿರುಗುವ ಚಕ್ರವಾದ ರನ್ನರ್‌ನ ಸವೆತವನ್ನು ಕಣ್ಣಾರೆ ನೋಡಲು ಅದೇ ಸಮಯ. ಜುಲೈ ನಡುವಿನಲ್ಲಿ ಮತ್ತೆ ಹೋಗಿ ಒಂದು ರಾತ್ರಿ ಕಂಟ್ರೋಲ್ ರೂಮಿನಲ್ಲಿ ಇದ್ದು, ಲೈನ್ ಎಷ್ಟು ಬಾರಿ ಟ್ರಿಪ್ ಆಯಿತು, ಪ್ರತಿ ಬಾರಿಯೂ ಯಂತ್ರವನ್ನು ಮತ್ತೆ ಗ್ರಿಡ್‌ಗೆ ಸೇರಿಸಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ನಿಮ್ಮ ಗಡಿಯಾರದಲ್ಲೇ ನೋಡಿ ಬರೆದುಕೊಳ್ಳಿ. ಬೆಲೆಯ ಮಾತುಕತೆಯನ್ನು ಆ ಎರಡನೆಯ ಭೇಟಿಯಿಂದ ಮರಳಿದ ಮೇಲೆ ಆರಂಭಿಸಬಹುದು.